ಕಡಿಮೆ ಬಿದ್ದ ತುಂಡುಗಳು

ಮರದ ಹೊಟ್ಟು ಮುಂಗೈ ಬೆವರಿಗೆ ಅಂಟಿ ಕೂದಲೆಲ್ಲ ನರೆತ ಹಾಗೆ ಕಾಣ್ತಿದೆ, ಒರೆಸಿದಷ್ಟೂ ಅಂಟತ್ತೆ, ಇರಲಿ ಬಿಡು, ಇನ್ನೇನು ಮುಗೀತು — ಗೋಡೆಗೆ ಜೋಡಿಸಿಟ್ಟ ತುಂಡುಗಳೆಲ್ಲ ನಾನು ಕೆಲಸ ಮಾಡೋ ಗೋದಾಮಿನವು, ಫ್ರಿಜ್ಜು ಬಂದ ಪೆಟ್ಟಿಗೆಗಳ ಹಲಗೆ, ಒಲೆಗೆ ಹಾಕೋ ಬದಲು ನೀನೇ ಒಯ್ಯೋ ಅಂದ ಯಜಮಾನ, ಒಂದು ಮೊಳೆಯನ್ನೂ ಕಿತ್ತುಕೊಡಲಿಲ್ಲ ಪುಣ್ಯಾತ್ಮ, ಬೀಳಿಸದೆ ತುಂಡು ಎಳೆದು ಮೇಲಿಡೋ ಆ ಗೋಪುರದಾಟ ಅಂಗಡಿಯಲ್ಲಿ ಸಿಗೋದು ಅಂಗೈಯಷ್ಟು, ನಮ್ಮ ಪುಟಾಣಿಗಳಿಗೆ ಎರಡು ಕೈಲಿ ಹಿಡಿಯೋಂಥದ್ದು ಬೇಕು, ಗೋಪುರ ಅವರ ಎದೆಮಟ್ಟ ಏರಬೇಕು, ಅಷ್ಟು ದೊಡ್ಡದು ಕೊಳ್ಳೋಕೆ ಶಾಲೆ ಹತ್ರ ಏನಿದೆ ಮಣ್ಣು, ಅಂದವಳು ನನ್ನ ಹೆಂಡತಿ, ಶಿಶುವಿಹಾರದ ಟೀಚರು, ಅಷ್ಟುದ್ದದ ಮಾತು ಅವಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ, ಅದಕ್ಕೇ ಹೂಂ ಅಂದುಬಿಟ್ಟೆ, ಗರಗಸ ಹಿಡಿದು ಗೊತ್ತಿಲ್ಲದವನು. ಮೂರು ತುಂಡು ಪಕ್ಕಪಕ್ಕ ಇಟ್ಟರೆ ಒಂದು ತುಂಡಿನ ಉದ್ದಕ್ಕೆ ಸರಿಯಾಗಬೇಕು, ಒಂದು ಸಾಲು ಉದ್ದ, ಮೇಲಿನದು ಅಡ್ಡ, ಕೂದಲೆಳೆ ಹೆಚ್ಚುಕಡಿಮೆಯಾದ್ರೂ ಗೋಪುರ ಸೊಟ್ಟ, ಎಲ್ಲ ಆಯ್ತು ಅನ್ನೋವಾಗ ಕೊನೇ ಹಲಗೆ ಸೀಳಿಕೊಂಡಿತು, ಕೆಲವು ತುಂಡು ಕಡಿಮೆ, ನಾಳೆ ಬೆಳಿಗ್ಗೆ ಮಕ್ಕಳು ಕಾಯ್ತಿರ್ತಾರೆ. ಮಂಚ ಇದೆಯಲ್ಲ, ಅಂದಳು. ಯಾವ ಮಂಚ ಅಂತ ನಾನು ಕೇಳಲಿಲ್ಲ, ಹೊಟ್ಟು ಗುಡಿಸ್ತಿದ್ದವಳು ತಲೆ ಎತ್ತಲಿಲ್ಲ, ಒಳಕೋಣೆಯಲ್ಲಿ ಮುಸುಕು ಹಾಕಿ ನಿಲ್ಲಿಸಿದ ಮಗುವಿನ ಮಂಚ, ಬೇಡ ಕಣೇ, ಬೇರೆ ಹಲಗೆ ನೋಡ್ತೀನಿ ಅಂದೆ, ಭಾನುವಾರ ಯಾವ ಅಂಗಡಿ ತೆಗೆದಿರತ್ತೆ, ಸುಮ್ನೆ ತನ್ನಿ, ಹೋಗ್ತಾ ಬರ್ತಾ ಕಾಲಿಗೆ ತಗಲತ್ತೆ. ಕಾಲಿಗೆ ತಗಲತ್ತಂತೆ, ಆ ಕೋಣೆ ಕಡೆ ಮುಖ ಹಾಕದವಳಿಗೆ.

ಮಂಚ ತಂದೆ. ಸ್ಕ್ರೂಗಳು ಸಲೀಸಾಗಿ ಬಿಚ್ಚಿದವು, ನಾನೇ ಬಿಗಿದದ್ದು, ಆಗ ಅವಳ ಹೊಟ್ಟೆ ಅವಳಿಗಿಂತ ಮುಂಚೆ ಕೋಣೆಗೆ ಬರ್ತಿತ್ತು, ಬಂದ್ರು ದೊಡ್ಡಮನುಷ್ಯರು, ದಾರಿ ಬಿಡಿ ಅಂತ ನಾನು ರೇಗಿಸೋದು, ಅವಳು ಗೋಡೆ ಹಿಡಿದು ನಗೋದು — ಮಗಳು ಅದರಲ್ಲಿ ಮಲಗಿದ್ದಕ್ಕಿಂತ ಮೇಲಂಚು ಹಿಡಿದು ನಿಂತದ್ದೇ ಹೆಚ್ಚು, ಆಮೇಲೆ ಆ ಜ್ವರ, ಆಸ್ಪತ್ರೆಗೆ ಹೋದವರು ಮೂವರು, ಮನೆಗೆ ಬಂದವರು ಇಬ್ಬರು, ಡಾಕ್ಟರು ಏನೋ ಹೇಳ್ತಾನೇ ಇದ್ರು, ನಾನು ಅವರ ಅಂಗಿಯ ಗುಂಡಿ ನೋಡ್ತಿದ್ದೆ. ಮೇಲಿನ ಪಟ್ಟಿ ಅಗಲವಿದೆ, ಅಳತೆಗೆ ಸರಿಹೋಗತ್ತೆ, ಪೆನ್ಸಿಲ್ ಎಳೆಯೋವಾಗ ಬೆರಳಿಗೆ ತಾಕಿತು, ಎರಡು ಗುಳಿ, ಅಕ್ಕಪಕ್ಕ, ಅಕ್ಕಿಕಾಳಿನಷ್ಟು, ಕೆಳಗಿನ ಹಲ್ಲೆರಡು ಮೂಡಿದಾಗ ಸಿಕ್ಕಿದ್ದೆಲ್ಲ ಕಚ್ಚೋಳು, ನನ್ನ ಮೂಗು, ಬೀಗದ ಕೈ, ಅಮ್ಮನ ಚಪ್ಪಲಿ, ಇಲಿಮರಿ ಅಂತಿದ್ವಿ. ಗೆರೆಯನ್ನು ಆಚೆ ಸರಿಸಿದೆ, ಗುಳಿ ಎರಡೂ ಒಂದೇ ತುಂಡಿನಲ್ಲಿ ಉಳಿಯೋ ಹಾಗೆ, ಕೊಯ್ದೆ, ಉಜ್ಜುಕಾಗದದಲ್ಲಿ ಮೂರು ಬದಿ ಉಜ್ಜಿದೆ, ನಾಲ್ಕನೆಯದಕ್ಕೆ ಕೈ ಏಳಲಿಲ್ಲ, ಚೆನ್ನಾಗಿ ಉಜ್ಜಿ, ಮಕ್ಕಳ ಕೈಗೆ ಸಿಬಿರು ಹೋಗತ್ತೆ ಅಂತ ಅವಳು ಅಡುಗೆಮನೆಯಿಂದ, ಇಲ್ಲ, ಇದು ನುಣುಪಾಗೇ ಇದೆ ಅಂತ ನಾನು, ಗುಳಿ ಕೆಳಮುಖ ಮಾಡಿ ನಡುವಿನ ಸಾಲಿಗೆ ಸೇರಿಸಿಬಿಟ್ಟೆ.

ಗೋಪುರ ನಿಂತಿದೆ, ಅಲುಗಾಡ್ತಿಲ್ಲ, ಪರವಾಗಿಲ್ವೇ, ಬಡಗಿ ಆಗ್ಬಿಟ್ರಿ ಅಂತಾಳೆ, ಬಾ, ನೀನೇ ಮೊದಲು ಎಳಿ, ಒಂದು ಆಟ ಆಡಿ ನೋಡೋಣ ಅಂತೀನಿ. ಕೂತಳು. ಗೋದಾಮಿನ ಹಲಗೆ ಬಿಳಚು, ಮಂಚದ್ದು ಕೆಂಪು, ಎದ್ದು ಕಾಣತ್ತೆ, ಅವಳ ಕೈ ಬಿಳಿಯದನ್ನೆಲ್ಲ ದಾಟಿ ನಡುವಿನ ಸಾಲಿನ ಆ ಕೆಂಪಿಗೇ ಹೋಗತ್ತೆ, ಅದು ಬೇಡ ಅನ್ನಬೇಕು, ಹೇಗೆ ಅನ್ನಲಿ, ಮೆಲ್ಲಗೆ ಎಳೀತಾಳೆ, ಉಸಿರು ಹಿಡಿದು, ಬಂತು, ಗೋಪುರ ಬೀಳಲಿಲ್ಲ, ಈಗ ಅದನ್ನು ಮೇಲಿಡಬೇಕು, ಅದೇ ಆಟ, ಇಡು, ಮೇಲಿಡು, ಆಮೇಲೆ ನನ್ನ ಸರದಿ — ಇಡ್ತಿಲ್ಲ, ತುಂಡಿನ ಅಡಿಯಲ್ಲಿ ಅವಳ ಹೆಬ್ಬೆರಳು ನಿಂತಿದೆ, ನಿಂತು ಹಿಂದೆ ಬರತ್ತೆ, ಮತ್ತೆ ಹೋಗತ್ತೆ, ಅಕ್ಕಿಕಾಳಿನಷ್ಟು, ಅಕ್ಕಪಕ್ಕ, ನನ್ನ ಕಡೆ ನೋಡ್ತಿಲ್ಲ, ಹೆಬ್ಬೆರಳು, ಆ ಎರಡು ಹಲ್ಲು, ಹೆಬ್ಬೆರಳು —