ಅಳಿಸಿದ ಹಲ್ಲು

ಇವತ್ತು ನೆನಪಾಯಿತು, ನಿನ್ನ ಅಕ್ಕನ ಆ ಹಲ್ಲು ಬಿದ್ದಿದ್ದೇ ಆ ದಿನ ಬೆಳಿಗ್ಗೆ ಕಣೇ, ಸಂಜೆಗೆ ಮಗುವೇ ಇರಲಿಲ್ಲ, ಹಾಗಿದ್ದಮೇಲೆ ಹಲ್ಲಿಲ್ಲದ ಈ ಫೋಟೋ ತೆಗೆದವರು ಯಾರು, ಅಂದರು ಅಮ್ಮ ಫೋನಿನಲ್ಲಿ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಸ್ಟುಡಿಯೋದ ಕಂಪ್ಯೂಟರ್ ಪರದೆಯ ಮೇಲೆ ಮದುಮಗಳ ಕೆನ್ನೆಯ ಕೆಂಪು ಇಳಿಸುತ್ತಿದ್ದವಳ ಕೈ ಮೌಸಿನ ಮೇಲೇ ನಿಂತಿತು — ಇನ್ನೂ ಸ್ವಲ್ಪ ಹಳೇದು ಮಾಡಿ ಮೇಡಂ, ನಮ್ಮಜ್ಜಿ ಕಾಲದ್ದು ಅನ್ನೋ ಥರ ಬರಲಿ, ಅನ್ನುತ್ತಿದ್ದಾಳೆ ಪಕ್ಕದ ಸ್ಟೂಲಿನ ಮೇಲೆ ಕೂತ ಮದುಮಗಳು, ಮದುವೆಯಾಗಿ ಹತ್ತೇ ದಿನ, ಎಲ್ಲರಿಗೂ ಈಗ ಫಿಲಂ ರೀಲಿನ ಕಾಲದ ಬಣ್ಣವೇ ಬೇಕು, ಕಪ್ಪನ್ನು ಬೂದಿಗೆ ತಿರುಗಿಸು, ಬಿಳಿಗೆ ಒಂದು ಹನಿ ಹಳದಿ ಬಿಡು, ಮೇಲೆ ಸಣ್ಣ ಮರಳು ಉದುರಿಸಿದ ಹಾಗೆ ಗ್ರೇನ್, ಅಂಚಿನಲ್ಲಿ ಬೆಳಕು ಸೋರಿದಂತೆ ಒಂದು ಕಿತ್ತಳೆ ಪಟ್ಟೆ, ನಾಲ್ಕು ನಿಮಿಷಕ್ಕೆ ನಲವತ್ತು ವರ್ಷ — ಕೇಳಿಸ್ತಿದೆಯಾ, ಅಂದರು ಅಮ್ಮ, ಆಗ ಕ್ಯಾಮೆರಾ ಇದ್ದಿದ್ದು ನಿಮ್ಮ ಮಾವನೊಬ್ಬನ ಹತ್ತಿರ, ಆ ದಿನ ನಾನು ಊರಲ್ಲೇ ಇರಲಿಲ್ಲ ಅಂತ ಮೂವತ್ತೈದು ವರ್ಷದಿಂದ ನನ್ನ ಮುಂದೆ ಹೇಳ್ಕೊಂಡು ಬಂದಿದಾನೆ, ಇದ್ದ ಕಣೇ, ಮಗುನ ನಗಿಸಿ ಫೋಟೋ ತೆಗೆದು ಆ ಕಲ್ಲು ಕ್ವಾರಿಯ ನೀರಿನ ಹೊಂಡದ ಹತ್ತಿರ ಬಿಟ್ಟು ಬಂದಿದಾನೆ, ನಾಲ್ಕು ಗಂಟೆಗೆ ಬಾ ಅಂದಿದೀನಿ, ಬರಲಿ, ಒಡಹುಟ್ಟಿದವನು ಅಂತಾನೂ ನೋಡಲ್ಲ — ಫೋನು ಕಟ್ಟಾಯಿತು, ಗೋಡೆ ಗಡಿಯಾರದಲ್ಲಿ ಮೂರೂಕಾಲು.

ಮಾವ ಅಲ್ಲ ಅಮ್ಮ, ನಾನು, ಅಂದಿದ್ದರೆ ಮುಗಿಯುತ್ತಿತ್ತು, ಎರಡೇ ಮಾತು, ಮೂರು ತಿಂಗಳಿಂದ ಹೇಳದೇ ಇಟ್ಟುಕೊಂಡದ್ದು, ಗಾಜಿಗೆ ಅಂಟಿದ ಫೋಟೋನ ಯಾವ ಕಾರಣಕ್ಕೂ ಎಳೀಬೇಡಿ, ಗಾಜಿನ ಸಮೇತ ತನ್ನಿ, ಗಾಜಿನ ಮೇಲಿಂದಲೇ ಇನ್ನೊಂದು ಪ್ರತಿ ತೆಗೆದುಕೊಡ್ತೀವಿ, ಎಂದು ಬಂದವರಿಗೆಲ್ಲ ಬೋರ್ಡು ತೋರಿಸಿ ಹೇಳುವವಳು, ಆ ಬೋರ್ಡು ಬರೆದವಳೂ ಅವಳೇ, ಅಮ್ಮ ತೇವ ಹಿಡಿದ ಫ್ರೇಮನ್ನು ಟವೆಲಿನಲ್ಲಿ ಸುತ್ತಿ ಕೊಟ್ಟಾಗ ಮನೆಯ ಫೋಟೋ ತಾನೆ, ಒಂದು ಮೂಲೆ ತಾನಾಗಿ ಬಿಟ್ಟುಕೊಂಡಿದೆ ತಾನೆ, ಎಂದು ಉಗುರು ಹಾಕಿದಳು, ಚರ್ರ್ ಎಂದಿತು, ಇಷ್ಟೇ, ಕೈಯಲ್ಲಿ ಬಿಳಿ ಕಾಗದ, ಗಾಜಿನ ಮೇಲೆ ಅಕ್ಕನ ಮುಖ ಚೂರುಚೂರು, ಅಕ್ಕನದು ಇದ್ದದ್ದೇ ಅದೊಂದು, ನಾಲ್ಕು ವರ್ಷದವಳಿದ್ದಾಗಿನದು — ಮೇಡಂ, ಈ ಹಲ್ಲಿಗೆ ಲಿಪ್‌ಸ್ಟಿಕ್ ಹತ್ತಿದೆ ನೋಡಿ, ಅದನ್ನೂ ತೆಗೀರಿ, ಸರಿ ತೆಗೀತೀನಿ, ಮದುಮಗಳ ಬಾಯಿ ಪರದೆ ತುಂಬ ದೊಡ್ಡದಾಯಿತು, ಹಲ್ಲುಗಳು ಬಾಗಿಲಿನಷ್ಟು — ಅಕ್ಕನ ಫೋಟೋ ಹಾಳಾದ ದಿನವೂ ಹೀಗೇ ದೊಡ್ಡದು ಮಾಡಿಕೊಂಡಿದ್ದಳು, ಮಗಳನ್ನು ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದ ಫೋಟೋ, ಏಳು ವರ್ಷ, ಅಕ್ಕ ಹೋದಾಗಿನ ವಯಸ್ಸೇ, ಥೇಟ್ ನಿಮ್ಮಕ್ಕನೇ ಅನ್ನುತ್ತಾರೆ ಎಲ್ಲರೂ, ಅನ್ನಲಿ, ಈಗ ಅದೇ ಉಪಯೋಗಕ್ಕೆ ಬಂತು, ಬಣ್ಣ ಇಳಿಸಿದಳು, ಗ್ರೇನ್ ಹಾಕಿದಳು, ಅಂಚು ಸುಟ್ಟಂತೆ ಕಪ್ಪಗೆ ಮಾಡಿದಳು, ಆದರೂ ಮಗಳೇ ಕಾಣುತ್ತಿದ್ದಳು, ಅಜ್ಜಿ ದಿನಾ ನೋಡುವ ಮುಖ, ಆಗ ನೆನಪಾದದ್ದು ಆ ಹಲ್ಲಿನ ಕಿಂಡಿ, ಅಕ್ಕನ ಬಗ್ಗೆ ಅವಳಿಗಿರುವುದು ಅದೊಂದೇ ನೆನಪು, ಕತ್ತು ಬಗ್ಗಿಸಿ ನಗುವ ಬಾಯಿ, ಮೇಲಿನ ಸಾಲಿನಲ್ಲಿ ಎಡಗಡೆ ಅಕ್ಕಿಕಾಳಿನಷ್ಟು ಕಪ್ಪು, ಪರದೆಯ ಕುಂಚದ ತುದಿ ಇಟ್ಟಳು, ಮಗಳ ಹಲ್ಲು ಹೋಯಿತು, ಅಕ್ಕ ಬಂದಳು. ಫ್ರೇಮಿನ ಹಿಂದೆ ಇನ್ನೊಂದು ಸಿಕ್ತು ಅಮ್ಮ, ಹಳೇದನ್ನ ಕ್ಲೀನ್ ಮಾಡೋಕೆ ಇನ್ನೂ ದಿನ ಬೇಕು, ಅಂದಳು, ಅಮ್ಮ ಪೊರೆ ಬಂದ ಕಣ್ಣಿಗೆ ಫೋಟೋವನ್ನು ಹತ್ತಿರ ಹತ್ತಿರ ಹಿಡಿದು ಅತ್ತರು, ನಕ್ಕರು, ಎದೆಗೆ ಒತ್ತಿಕೊಂಡರು, ಅವಳಿಗೂ ಅಳು ಬಂತು, ನಿಜವಾದ ಅಳು, ಅದು ಇನ್ನೂ ಕೆಟ್ಟದ್ದು. ಆದರೆ ಹಲ್ಲು ಬಿದ್ದದ್ದು ಆ ದಿನವೇ ಎಂದು ಯಾರಿಗೆ ಗೊತ್ತಿತ್ತು, ಆಗ ಅವಳಿಗೇ ನಾಲ್ಕು ವರ್ಷ, ಆ ವಯಸ್ಸಿಗೆ ತಾರೀಕು ಗೊತ್ತಿರುತ್ತದೆಯೇ, ಕಿಂಡಿ ಗೊತ್ತಿರುತ್ತದೆ, ಅಂದರೆ ಅವಳಲ್ಲಿ ಉಳಿದದ್ದು ಅಕ್ಕನ ಕೊನೆಯ ದಿನವೇ, ಅದನ್ನೇ ತಂದು ಮಗಳ ಮುಖಕ್ಕೆ ಅಂಟಿಸಿದಳೇ, ಛೇ, ಇದೆಂಥ ಯೋಚನೆ, ಆದರೂ ಇವತ್ತು ಬೆಳಿಗ್ಗೆ ಸ್ಕೂಲಿಗೆ ಹೊರಟ ಮಗಳು, ಅಮ್ಮ ನೋಡು, ಅಲ್ಲಾಡ್ತಿದೆ, ಎಂದು ಬಾಯಿ ತೆರೆದು ತೋರಿಸಿದ್ದು ಅದೇ ಹಲ್ಲನ್ನು, ಮುಟ್ಟಬೇಡ, ನಾಲಿಗೇಲಿ ತಳ್ಳಬೇಡ ಎಂದು ಸುಮ್ಮನೆ ಗದರಿದ್ದಳು, ಮಗಳು ಬೆಪ್ಪಾಗಿ ನೋಡಿದಳು, ಹಲ್ಲು ಅಲ್ಲಾಡಿದ್ದಕ್ಕೆ ಯಾರಾದರೂ ಬೈಯುತ್ತಾರಾ ಅಮ್ಮ.

ಮೂರೂಮುಕ್ಕಾಲು, ಮಾವನಿಗೆ ಫೋನು ಮಾಡಿದಳು, ಎತ್ತಿದ್ದು ಅತ್ತೆ, ಫೋನು ಮನೇಲೇ ಮರೆತು ಹೋದರಮ್ಮ, ನಿಮ್ಮಮ್ಮ ತಾವಾಗಿ ಕರೆದಿದಾರೆ ಅಂತ ಖುಷಿಯೋ ಖುಷಿ, ನಿನ್ನ ಮಗಳಿಗೆ ಬಣ್ಣದ ಪೆನ್ಸಿಲ್ ತಗೊಂಡು ಮಂಡಿ ನೋವನ್ನೂ ಮರೆತು ಬಸ್ಸು ಹತ್ತಿದಾರೆ, ಪೆನ್ಸಿಲ್, ದೇವರೇ, ಅಕ್ಕ ಸತ್ತಾಗಿನಿಂದ ಕ್ಯಾಮೆರಾ ಮುಟ್ಟದ ಮನುಷ್ಯ, ಪೆನ್ಸಿಲ್ ಹಿಡಿದು ಬರುತ್ತಿದ್ದಾನೆ, ಬಾಗಿಲಲ್ಲೇ ಅಮ್ಮ ಕೇಳುತ್ತಾರೆ, ಕೊಂದೆಯಾ ಎಂದೇ ಕೇಳುತ್ತಾರೆ — ಅಮ್ಮನಿಗೆ ಮಾಡಿದಳು, ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ, ಏನಮ್ಮಾ ಮುಖ ಯಾಕೆ ಹೀಗಿದೆ, ನಿನಗೂ ಗ್ರೇನ್ ಹಾಕಿದಾರಾ ಯಾರಾದ್ರೂ, ಅಂದರು ಸ್ಟುಡಿಯೋ ಯಜಮಾನರು ಕೌಂಟರಿನಿಂದ, ಅವರಿಗೆ ಎಲ್ಲಾ ತಮಾಷೆ, ನಾವು ಹೊಸದನ್ನ ಹಳೇದು ಮಾಡ್ತೀವಿ, ಹಳೇದನ್ನ ಹೊಸದು ಮಾಡ್ತೀವಿ, ಇದ್ದದ್ದನ್ನ ಇದ್ದ ಹಾಗೆ ಬಿಡೋದು ಮಾತ್ರ ನಮಗೆ ಬರಲ್ಲ, ಮದುಮಗಳು ನಕ್ಕಳು, ಅವಳೂ ನಕ್ಕಳು, ತುಟಿ ಒಣಗಿ ಹಲ್ಲಿಗೆ ಅಂಟಿತು, ಮತ್ತೆ ಒತ್ತಿದಳು, ಎತ್ತಮ್ಮ, ಎತ್ತು, ಹೇಳಿಬಿಡುತ್ತೇನೆ, ಗಾಜು ತೋರಿಸುತ್ತೇನೆ, ಡ್ರಾಯರಿನಲ್ಲೇ ಇದೆ, ಬೇಕಾದರೆ ಹೊಡಿ — ಹಲೋ ಅಮ್ಮ, ಬಿತ್ತು, ಅಂದಳು ಸ್ಕೂಲು ಬಿಟ್ಟು ಬಂದ ಮಗಳು, ಅಜ್ಜಿಯ ಫೋನಿನಲ್ಲಿ, ಮಾತಿನ ಜೊತೆ ಗಾಳಿ ಸೋರುತ್ತಿತ್ತು, ರಕ್ತ ಸ್ವಲ್ಪಾನೇ, ನಾನು ಅಳಲೇ ಇಲ್ಲ. ಅಜ್ಜಿ ಎಲ್ಲಿ ಪುಟ್ಟಾ. ಇಲ್ಲೇ, ಆ ಫೋಟೋ ತಗೊಂಡು ನನ್ನ ಮುಖದ ಪಕ್ಕ ಹಿಡ್ಕೊಂಡಿದಾರೆ, ನಗು ನಗು ಅಂತಾರೆ, ಆಗಲಿಂದ ನಗ್ತಾನೇ ಇದೀನಿ. ಮಾವಜ್ಜ ಬಂದ್ರಾ. ಚಪ್ಪಲಿ ಬಿಡ್ತಿದಾರೆ. ಅಜ್ಜಿಗೆ ಕೊಡು, ಬೇಗ ಕೊಡು. ಉಸಿರು, ಅಮ್ಮನ ಉಸಿರು, ಹತ್ತಿರ, ದೂರ, ಮತ್ತೆ ಹತ್ತಿರ, ಬೈಗುಳ ಬರಲಿಲ್ಲ, ಕೂಗು ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿಯಿತ್ತು, ಹಾಗಾದರೆ ನನ್ನ ಮಗಳು ಎಲ್ಲಿ, ಅಂದರು ಅಮ್ಮ, ಮೆಲ್ಲಗೆ, ವಿಳಾಸ ಕೇಳುವವರ ಹಾಗೆ. ಡ್ರಾಯರಿನಲ್ಲಿ, ಗಾಜಿನ ಮೇಲೆ, ಚೂರುಚೂರಾಗಿ, ಅವಳು ಎಡಗೈಯಲ್ಲಿ ಡ್ರಾಯರು ಎಳೆದಳು. ಆ ಕಡೆ ಫ್ರೇಮನ್ನು ಮೇಜಿನ ಮೇಲೆ ಬೋರಲು ಇಟ್ಟ ಸದ್ದು, ಟಕ್. ಅಯ್ಯೋ ಮೇಡಂ, ಏನು ಮಾಡಿದ್ರಿ, ಎಂದು ಕಿರುಚಿದಳು ಮದುಮಗಳು, ಅವಳು ಪರದೆ ನೋಡಿದಳು, ಬೆರಳು ಯಾವಾಗ ಒತ್ತಿತ್ತೋ, ದೊಡ್ಡದಾಗಿ ನಗುವ ಬಾಯಿ, ಮೇಲಿನ ಸಾಲು, ಎಡಗಡೆ, ಅಕ್ಕಿಕಾಳಿನಷ್ಟು ಕಪ್ಪು, ಎಡಗಡೆ, ಅಕ್ಕಿಕಾಳಿನಷ್ಟು