ಮಲಗಿದ ನೀರು

ನೀರು ಸರಬರಾಜು ಕಚೇರಿಯ ಗುಮಾಸ್ತೆಗೆ ಅವತ್ತು ಬೆಳಿಗ್ಗೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರಿಗೆ ಕುಡಿಯುವ ನೀರು ಇಳಿದುಬರುವ ಬೆಟ್ಟ, ಅಲ್ಲಿನ ಮೂಲನಿವಾಸಿಗಳದು. ಬೆಟ್ಟದ ಹನ್ನೊಂದು ಒರತೆಗಳನ್ನು ಕಚೇರಿಯೂ ಅವರೂ ಕೂಡಿ ಕಾಯುವ ಒಪ್ಪಂದಕ್ಕೆ ಅವತ್ತು ಸಹಿ. ಬೆಟ್ಟದವರ ಪರವಾಗಿ ಬಂದವಳು ಅವಳ ದೊಡ್ಡಮ್ಮ, ತೀರಿಹೋದ ತಾಯಿಯ ಅಕ್ಕ. ಬೆಟ್ಟದ ಮಾತು ಕಚೇರಿಯವರಿಗೆ ಬಾರದು, ಊರಿನ ಮಾತು ದೊಡ್ಡಮ್ಮನಿಗೆ ಬಾರದು. ಎರಡೂ ಬಲ್ಲವಳು ಗುಮಾಸ್ತೆ ಒಬ್ಬಳೇ. ಮೆರೆಯುವುದಕ್ಕೆ ಇನ್ನೇನು ಬೇಕು? ಹೊಸ ಚಪ್ಪಲಿ ಕಚ್ಚುತ್ತಿದ್ದರೂ ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದಳು.

ಸಭೆಯ ಕೋಣೆಯ ಕುರ್ಚಿಗಳಿಗೆಲ್ಲ ಗಾಲಿ. ದೊಡ್ಡಮ್ಮ ಒಂದರಲ್ಲಿ ಕುಳಿತದ್ದೇ ತಡ, ಅದು ಹಿಂದಕ್ಕೆ ಜಾರಿ ಗೋಡೆಗೆ ತಾಗಿತು.

"ಇದರ ಮೇಲೆ ಕೂತು ಕೊಟ್ಟ ಮಾತು ಎಲ್ಲಿಗೆ ಉರುಳ್ಕೊಂಡು ಹೋಗುತ್ತೋ! ನಂಗೊಂದು ಸ್ಟೂಲು ತರಿಸು, ಮಗಾ."

ಗುಮಾಸ್ತೆ ಅದನ್ನು ಊರಿನ ಮಾತಿನಲ್ಲಿ ಹೇಳಿದಾಗ ಎದುರಿಗಿದ್ದ ಕಚೇರಿಯ ಎಂಜಿನಿಯರ್ ಕೂಡ ನಕ್ಕ. ಜವಾನ ಸ್ಟೂಲು ತಂದ. ಎಂಜಿನಿಯರ್ ಪಟ್ಟಿ ಓದತೊಡಗಿದ. ಒಂದು, ಹರಿಯುತ್ತಿದೆ. ಎರಡು, ಹರಿಯುತ್ತಿದೆ. ಗುಮಾಸ್ತೆಯ ಬಾಯಲ್ಲಿ ಕೇಳಿ ಒಂದೊಂದಕ್ಕೂ ದೊಡ್ಡಮ್ಮ ತಲೆದೂಗಿದಳು.

"ಏಳನೆಯದು, ಬತ್ತಿದೆ."

ಗುಮಾಸ್ತೆ ಅದಕ್ಕೆ ಪದ ಹುಡುಕಿದಳು. ಬೆಟ್ಟದ ಮಾತಿನಲ್ಲಿ 'ಬತ್ತಿದೆ' ಎಂಬುದೇ ಇಲ್ಲ. ಶಾಶ್ವತವಾಗಿ ಹೋದ ನೀರು 'ಸತ್ತಿದೆ'. ಕಣ್ಣಿಗೆ ಕಾಣದೆ ನೆಲದೊಳಗೆ ಹರಿಯುವ ನೀರು 'ಮಲಗಿದೆ'. ಇಪ್ಪತ್ತು ವರ್ಷದ ಹಿಂದೆ, ಹೊಸದಾಗಿ ಕೆಲಸಕ್ಕೆ ಸೇರಿ, ಫಾರಂ ಹಿಡಿದು ಬೆಟ್ಟ ಹತ್ತಿದ್ದಳು. ಏಳನೆಯದು ಮಲಗಿದೆ ಎಂದು ಹೇಳಿದ್ದವಳು ಇದೇ ದೊಡ್ಡಮ್ಮ. ಫಾರಂನಲ್ಲಿ ಇದ್ದದ್ದು ಎರಡೇ ಕಾಲಂ, ಹರಿಯುತ್ತಿದೆ, ಬತ್ತಿದೆ. ಖಾಲಿ ಬಿಟ್ಟರೆ ಮೇಲಿನವರು ಬೈದಾರೆಂದು ಎರಡನೆಯದಕ್ಕೆ ಗುರುತು ಹಾಕಿ ಕೈತೊಳೆದುಕೊಂಡಿದ್ದಳು. ಹನ್ನೊಂದೂ ಪಟ್ಟಿಯಲ್ಲಿದ್ದರೂ, ಬತ್ತಿದೆ ಎಂದ ಒರತೆಗೆ ಒಪ್ಪಂದದಲ್ಲಿ ರಕ್ಷಣೆಯಿಲ್ಲ. ಅದರ ಕೊಳ್ಳದಲ್ಲಿ ಊರಿನ ಕಸ ಸುರಿಯುವ ಫೈಲಿಗೆ ಹೋದ ತಿಂಗಳು ಸೀಲು ಒತ್ತಿದವಳೂ ಇವಳೇ. ಆಗಲೂ ಪುಣ್ಯಾತ್ಗಿತ್ತಿಯ ತಲೆಗೆ ಏನೂ ಹೊಳೆದಿರಲಿಲ್ಲ.

"ಏನಂತೆ, ಮಗಾ?" ಎಂದಳು ದೊಡ್ಡಮ್ಮ.

"ಮಲಗಿದೆ ಅಂತೆ."

ದೊಡ್ಡಮ್ಮ ಖುಷಿಯಿಂದ ತಲೆದೂಗಿದಳು. ಅಷ್ಟೇ. ಕಾಗದದಲ್ಲಿ ಒಂದು, ಕಿವಿಯಲ್ಲಿ ಇನ್ನೊಂದು. ಇಬ್ಬರಿಗೂ ಸಮಾಧಾನ, ಇವಳ ತಪ್ಪು ಯಾರಿಗೂ ಗೊತ್ತಾಗುವಂತಿರಲಿಲ್ಲ. ಉಳಿದ ನಾಲ್ಕನ್ನೂ ಅವಳ ನಾಲಿಗೆ ತಾನೇ ಹೇಳಿ ಮುಗಿಸಿತು. ಒಳಗೆ ಮಾತ್ರ ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು.

ಜವಾನ ಶಾಯಿಯ ಪ್ಯಾಡು ಮುಂದಿಟ್ಟ. ದೊಡ್ಡಮ್ಮ ಹೆಬ್ಬೆಟ್ಟು ಅದ್ದಿ ಕಾಗದದತ್ತ ಬಾಗಿದಳು. ಗುಮಾಸ್ತೆ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

"ಸಾರ್, ಏಳನೆಯದು ಬತ್ತಿಲ್ಲ. ತಪ್ಪು ಬರೆದಿದ್ದು ನಾನೇ."

"ಏನ್ ಹೇಳ್ತಿದ್ದೀರಿ? ನಾನೇ ಹೋಗಿ ನೋಡಿದ್ದೀನಿ. ಅಲ್ಲಿ ಒಂದು ಹನಿ ನೀರಿಲ್ಲ."

ಅವಳು ಅದನ್ನು ದೊಡ್ಡಮ್ಮನಿಗೆ ಹೇಳಿದಳು.

"ಅಲ್ಲೆಲ್ಲಿ ಕಾಣುತ್ತೆ? ಒಳಗೊಳಗೇ ಇಳಿದು ಇವರೂರಿನ ದೊಡ್ಡ ಬಾವೀಲಿ ಏಳುತ್ತೆ. ನಮ್ಮಜ್ಜಿ ಅಲ್ಲಿನ ಬಂಡೆ ಬಿರುಕಿನೊಳಗೆ ಒಂದು ಬುಟ್ಟಿ ಹೊಟ್ಟು ಸುರಿದಿದ್ಲು. ಮೂರನೇ ದಿನ ಬಾವಿ ತುಂಬ ತೇಲ್ತಿತ್ತು."

ಅನುವಾದ ಕೇಳಿ ಎಂಜಿನಿಯರ್ ಮುಖ ಬಿಳುಚಿಕೊಂಡಿತು. ಊರಿನ ಪಂಪು ಇರುವುದೇ ಆ ಬಾವಿಗೆ. ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟ. "ಆ ಬಿರುಕಿಗೆ ಬಣ್ಣ ಸುರಿದು ಬಾವೀಲಿ ಏಳುತ್ತಾ ನೋಡೋಣ. ಅಲ್ಲೀವರೆಗೂ ಸಹಿಯೂ ಬೇಡ, ಕಸವೂ ಬೇಡ."

ಈಗ ದೊಡ್ಡಮ್ಮನಿಗೆ ಹೇಳಬೇಕಾಗಿತ್ತು. ಅದು ಎಂಜಿನಿಯರಿಗೆ ಹೇಳಿದಷ್ಟು ಸುಲಭವಿರಲಿಲ್ಲ. ಫಾರಂ, ಕಾಲಂ, ಕಸದ ಫೈಲು, ಎಲ್ಲವನ್ನೂ ಹೇಳಿದಳು.

"ಈಗ ನಂಗೆ ಮಲಗಿದೆ ಅಂದ್ಯಲ್ಲ, ಕಾಗದದಲ್ಲಿ ಬೇರೆ ಇರೋದು ಆಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ತಪ್ಪಾಯ್ತು ದೊಡ್ಡಮ್ಮ, ಹೊಟ್ಟೆಗೆ ಹಾಕ್ಕೋ."

ದೊಡ್ಡಮ್ಮ ಹೆಬ್ಬೆಟ್ಟಿನ ಶಾಯಿಯನ್ನು ಒರೆಸಿಕೊಂಡಳು. ಆಮೇಲೆ ತಂಗಿಯ ಮಗಳ ಕಡೆ ನೋಡದೆ, ನೇರ ಎಂಜಿನಿಯರ್ ಮುಖ ನೋಡುತ್ತಾ ಬೆಟ್ಟದ ಮಾತಿನಲ್ಲಿ ನಿಧಾನವಾಗಿ ಏನೋ ಹೇಳಿದಳು. ಅವನು ಎಂದಿನಂತೆ ಗುಮಾಸ್ತೆಯ ಕಡೆ ತಿರುಗಿದ.

"ಏನಂತಾರೆ?"

ಏನು ಹೇಳಿದರೂ ನಡೆಯುತ್ತಿತ್ತು, ತಿದ್ದುವವರು ಯಾರೂ ಇರಲಿಲ್ಲ.

"ಹನ್ನೊಂದು ಒರತೆಗೂ ನೀವೂ ದೊಡ್ಡಮ್ಮನೂ ನಡೆದುಹೋಗಿ ನೋಡಿ ಹೊಸದಾಗಿ ಬರೀಬೇಕಂತೆ, ಸಾರ್. ಆದರೆ ನಡುವೆ ಮಾತಾಡೋಕೆ ಇವಳು ಬೇಡವಂತೆ, ನಂಬಿಕೆಯಿರೋ ಬೇರೆಯವರನ್ನ ಹುಡುಕಬೇಕಂತೆ." ಎಂಜಿನಿಯರ್ ಇನ್ನೂ ಅರ್ಥವಾಗದವನಂತೆ ನೋಡುತ್ತಲೇ ಇದ್ದ.

"ಇವಳು ಅಂದ್ರೆ ನಾನೇ, ಸಾರ್."