ತೊಳೆದುಹೋದ ಅಂಟು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ತೊಳೆಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಮೇಜಿನ ಮೇಲೆ ಕೂರಬೇಕಾದರೆ ನೊಣವೂ ಕಾಲು ಒರೆಸಿಕೊಂಡು ಬರಬೇಕು ಎಂಬುದು ಅಲ್ಲಿನ ಹಳೆಯ ತಮಾಷೆ. ಅಂಥವಳ ಕೈಗೇ ಮೇಷ್ಟ್ರ ಪ್ರೋಟೀನು ಬಂದು ಬಿದ್ದಿತ್ತು.

ಮೇಷ್ಟ್ರು ಅವಳಿಗೆ ವಿದ್ಯೆ ಕಲಿಸಿದವರು, ಈಗ ನಿವೃತ್ತರು. ಅವರ ಹೆಸರು ಉಳಿದಿದ್ದದ್ದೇ ಒಂದು ಶೋಧದಿಂದ: ಈ ಪ್ರೋಟೀನು ಡಿಎನ್‌ಎಯ ಒಂದು ಜಾಗವನ್ನು ಎರಡು ಕೈಯಿಂದ ತಬ್ಬಿ ಹಿಡಿಯುತ್ತದೆ, ಹಿಡಿದಷ್ಟು ಹೊತ್ತು ಅಲ್ಲಿನ ಜೀನು ಬಾಯಿ ಮುಚ್ಚಿಕೊಂಡಿರುತ್ತದೆ. ತೊಳೆಯಕ್ಕ ಅದನ್ನು ಮತ್ತೆ ಮಾಡಿ ನೋಡಿದಳು. ಹಿಡಿಯಲಿಲ್ಲ. ಲೋಳೆಯಂಥ ಜೆಲ್ಲಿನಲ್ಲಿ ವಿದ್ಯುತ್ ಹರಿಸಿ ಓಡಿಸಿದಾಗ, ಪ್ರೋಟೀನು ಹಿಡಿದ ಡಿಎನ್‌ಎ ಭಾರಕ್ಕೆ ಹಿಂದೆ ಉಳಿಯಬೇಕು. ಇದೋ, ಲಂಗುಲಗಾಮಿಲ್ಲದೆ ಕೆಳತುದಿಗೆ ಓಡಿತ್ತು. ಪ್ರತಿ ಸಲವೂ ಅದೇ ಹಾಡು. ಇನ್ನು ಮೇಷ್ಟ್ರ ಶೋಧ ತಪ್ಪು ಎಂದು ಪ್ರಕಟಿಸುವುದೊಂದೇ ಬಾಕಿ. ಅದಕ್ಕೆ ಮೊದಲು ಅವರಿಗೆ ತಾನೇ ಹೇಳಬೇಕೆಂದು ಒಂದು ಸಂಜೆ ಅವರ ಮನೆಗೆ ಹೋದಳು.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ನಿನ್ನ ಕೈ ಶುದ್ಧ ಕಣಮ್ಮ. ನಂದು ಯಾವಾಗ್ಲೂ ಅಡ್ಡಾದಿಡ್ಡಿ ಕೆಲಸ. ನಂದೇ ತಪ್ಪಿರಬೇಕು, ಬರೆದುಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತು ಕೇಳಿ ಅಲ್ಲಿ ಕೂರಲಾಗದೆ ಅಡುಗೆಮನೆಗೆ ಎದ್ದುಹೋದಳು. ಮೇಷ್ಟ್ರ ಹೆಂಡತಿ ಬೇಡವೆಂದರೂ ಕೇಳದೆ ಪಾತ್ರೆ ತಿಕ್ಕತೊಡಗಿದಳು. ಕೊನೆಗೆ ಸಿಕ್ಕಿದ್ದು ಕರ್ರಗಿನ ಕಬ್ಬಿಣದ ಕಾವಲಿ. ಅದನ್ನೂ ಬೆಳ್ಳಗೆ ಹೊಳೆಯುವ ತನಕ ತಿಕ್ಕಿದಳು.

"ಅಯ್ಯೋ, ಏನೇ ಮಾಡ್ದೆ!" ಎಂದರು ಆಕೆ. "ಪಳಗಿದ ಕಾವಲಿ ಕಣೇ ಅದು! ಎಣ್ಣೆ ಪಸೆ ಎಲ್ಲಾ ತೊಳೆದುಬಿಟ್ಯಲ್ಲ. ನಾಳೆ ದೋಸೆ ಹುಯ್ದ್ರೆ ಅಂಟ್ಕೊಂಡು ಕೂರುತ್ತೆ."

ತೊಳೆಯಕ್ಕನ ಕೈ ಹಾಗೇ ನಿಂತಿತು. ಕಾವಲಿ ತೊಳೆದರೆ ಅಂಟುತ್ತದಂತೆ. ತನ್ನ ಪ್ರೋಟೀನು ತೊಳೆದದ್ದಕ್ಕೇ ಅಂಟುತ್ತಿಲ್ಲವೇ? ನೊರೆಗೈಯಲ್ಲೇ ಹೊರಗೆ ಓಡಿಬಂದಳು.

"ಮೇಷ್ಟ್ರೇ, ನೀವು ಪ್ರೋಟೀನನ್ನ ಎಷ್ಟು ತೊಳೀತಿದ್ರಿ?"

"ಎಲ್ಲಿ ತೊಳೆಯೋದು ಮಾರಾಯ್ತಿ! ಅಷ್ಟು ತಾಳ್ಮೆ ಯಾರಿಗಿತ್ತು?"

ಅವಳಿಗಿತ್ತು. ಪ್ರೋಟೀನನ್ನು ತೆಳುಪೊರೆಯ ಚೀಲದಲ್ಲಿ ಕಟ್ಟಿ, ಉಪ್ಪುನೀರು ಬದಲಿಸಿ ಬದಲಿಸಿ ತೇಲಿಬಿಡುತ್ತಿದ್ದಳು. ಪ್ರೋಟೀನು ಒಳಗೇ ಉಳಿದು, ಸಣ್ಣಪುಟ್ಟ ಅಣುಗಳೆಲ್ಲ ಹೊರಗೆ ಸೋರಿಹೋಗುತ್ತಿದ್ದವು. ಮರುದಿನ ಅವನ್ನು ಮರಳಿ ಕೊಡಲೆಂದು ಜೀವಕೋಶದ ಸಾರವನ್ನು ಕುದಿಸಿ, ಗಟ್ಟಿಯಾದದ್ದನ್ನು ಸೋಸಿ, ಉಳಿದ ತಿಳಿಯ ಒಂದು ಹನಿಯನ್ನು ತನ್ನ ಅಪ್ಪಟ ಪ್ರೋಟೀನಿಗೆ ಬೆರೆಸಿದಳು. ಅವಳು ತನ್ನ ಜನ್ಮದಲ್ಲಿ ಮಾಡಿದ ಮೊದಲ ಕೊಳಕು ಕೆಲಸ ಅದು.

ಡಿಎನ್‌ಎ ಹಿಂದೆ ನಿಂತಿತ್ತು. ಪ್ರೋಟೀನಿಲ್ಲದೆ ಬರೀ ತಿಳಿ ಹಾಕಿದ ಸಾಲಿನಲ್ಲಿ ಮಾತ್ರ ಮೊದಲಿನಂತೆ ಓಡಿಹೋಗಿತ್ತು.

ಖಾಲಿ ಪ್ರೋಟೀನಿನ ಚಿತ್ರ ಅವಳ ಗೋಡೆಯ ಮೇಲೇ ಇತ್ತು. ಅದರ ಎರಡು ಕೈಗಳೂ ಒಳಕ್ಕೆ ವಾಲಿಕೊಂಡಿದ್ದವು, ಡಿಎನ್‌ಎಯ ತಿರುವಿಗೆ ಹೊಂದುತ್ತಿರಲಿಲ್ಲ. ಹೊಟ್ಟೆಯೊಳಗೆ ಯಾವುದೋ ಸಣ್ಣ ಅಣು ಬಂದು ಕೂತರೆ ಮೈಯ ಆಕಾರವೇ ಬದಲಾಗಿ, ಕೈಗಳು ಸರಿಯಾದ ಅಂತರಕ್ಕೆ ತೆರೆದುಕೊಳ್ಳುತ್ತವೆ. ಆ ಅಣುವನ್ನೇ ಅವಳು ಇಷ್ಟು ದಿನ ಶ್ರದ್ಧೆಯಿಂದ ಚರಂಡಿಗೆ ಚೆಲ್ಲಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾಚಿಕೆಯೂ ಸಂತೋಷವೂ ಒಟ್ಟಿಗೇ ಉಕ್ಕಿ ಬಂದವು. ತಕ್ಷಣ ಫೋನು ಮಾಡಿದಳು.

"ಮೇಷ್ಟ್ರೇ, ಹಿಡೀತು. ನೀವು ಹೇಳಿದ್ದೇ ಸರಿ. ತಪ್ಪು ನಂದು."

ಆ ಕಡೆ ಫೋನು ಕೈ ಬದಲಾಯಿತು. ಮೇಷ್ಟ್ರ ಹೆಂಡತಿಯ ದನಿ ಕೇಳಿಸಿತು.

"ಏನಂದ್ಯೇ ಇವರಿಗೆ? ಕಣ್ಣಲ್ಲಿ ನೀರು ಹಾಕ್ಕೊಂಡು ಕೂತಿದಾರೆ."

"ನೀವು ಹೇಳಿದ್ದೇ ಸರಿ ಅಂದೆ, ಅಮ್ಮ."

"ಅಷ್ಟೇನಾ?" ಎಂದರು ಆಕೆ. "ಮದುವೆ ಆದಾಗಿಂದ ನಾನೊಂದು ಸಲಾನೂ ಹಾಗಂದಿಲ್ಲ ನೋಡು."